ಪಟ್ಟಾಭಿರಾಮರು ಚಕ್ರ ಮುಟ್ಟಿದ್ದು

ನಟ್ಟನ್ನು ಬಿಗಿ ಮಾಡಿದ ಮೇಲೆ ಕಾಲು ಸುತ್ತು ಸಡಿಲಿಸಬೇಕಿತ್ತು. ಮೊದಲ ಮೂರು ಚಕ್ರಕ್ಕೆ ಸಡಿಲಿಸಿದ್ದು ನೆನಪಿದೆ. ನಾಲ್ಕನೆಯದಕ್ಕೆ? ನಾಲ್ಕನೆಯದರ ಹೊತ್ತಿಗೆ ಟ್ರಾಲಿಯ ಯಜಮಾನ ಭರತ್‌ಭಾಯ್ ಚಹಾ ತರಿಸಿದ್ದ. ಚಹಾ ಕುಡಿದದ್ದು ನೆನಪಿದೆ. ಶುಂಠಿ ಜಾಸ್ತಿಯಾಗಿತ್ತು, ಗಂಟಲು ಉರಿದಿತ್ತು. ಶುಂಠಿ ನೆನಪಿದೆ, ನಟ್ಟು ನೆನಪಿಲ್ಲ. ಇದೆಂಥ ತಲೆ ನನ್ನದು?

ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡು, ಅಹಮದಾಬಾದಿನ ಶ್ರೀನಂದನ ಸೊಸೈಟಿಯ ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು, ಪಟ್ಟಾಭಿರಾಮರು ಇದನ್ನೇ ಹನ್ನೊಂದನೆಯ ಸಲ ಯೋಚಿಸಿದರು. ಬಾಯಲ್ಲಿದ್ದ ನೊರೆ ಗದ್ದಕ್ಕಿಳಿದು ಬನಿಯನ್ನಿಗೆ ಬಂದದ್ದು ಅವರಿಗೆ ತಿಳಿಯಲಿಲ್ಲ. ಕೆಳಗೆ ವಾಕಿಂಗ್ ಮಾಡುತ್ತಿದ್ದ ಇಬ್ಬರು ನಿವೃತ್ತರು ತಲೆಯೆತ್ತಿ ನೋಡಿ, ‘ಸಾಹೇಬರು ಏನೋ ಲೆಕ್ಕ ಹಾಕ್ತಿದ್ದಾರೆ, ಮಾತಾಡಿಸಬೇಡಿ’ ಎಂದುಕೊಂಡು ಸದ್ದಾಗದಂತೆ ದಾಟಿಹೋದರು.

ಆ ಗೌರವಕ್ಕೆ ಕಾರಣವಿತ್ತು. ಪಟ್ಟಾಭಿರಾಮರು ಕೆಲಸ ಮಾಡುತ್ತಿದ್ದುದು ಬಾಹ್ಯಾಕಾಶ ಸಂಸ್ಥೆಯಲ್ಲಿ. ಆದರೆ ಅಲ್ಲಿಯ ಉಗ್ರಾಣದಲ್ಲಿ. ಆಕಾಶಕ್ಕೆ ಹೋಗುವ ನಟ್ಟು ಬೋಲ್ಟುಗಳೆಲ್ಲ ಅವರ ಕೈದಾಟಿಯೇ ಹೋಗುತ್ತಿದ್ದವು, ನಿಜ. ಸೀಲು ಮಾಡಿದ ಪೊಟ್ಟಣಗಳಲ್ಲಿ. ಅವರು ಪೊಟ್ಟಣ ಎಣಿಸುತ್ತಿದ್ದರು, ಚೀಟಿ ಅಂಟಿಸುತ್ತಿದ್ದರು, ಸಹಿ ಹಾಕುತ್ತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಒಂದೂ ಪೊಟ್ಟಣ ಬಿಚ್ಚಿದವರಲ್ಲ. ಹನ್ನೊಂದು ವರ್ಷದ ಹಿಂದೆ ಈ ಮನೆಗೆ ಬಂದ ದಿನ ಗೇಟಿನ ಕಾವಲುಗಾರ ರಿಜಿಸ್ಟರಿನಲ್ಲಿ ‘ಸೈಂಟಿಸ್ಟ್’ ಎಂದು ಬರೆದುಕೊಂಡ. ಪಟ್ಟಾಭಿರಾಮರು ಸುಳ್ಳು ಹೇಳಿದವರಲ್ಲ. ಆದರೆ ತಾನಾಗಿ ಬಂದು ಕೂತ ಸುಳ್ಳನ್ನು ಎಬ್ಬಿಸಿ ಕಳಿಸುವಷ್ಟು ಮಾತುಗಾರರೂ ಅಲ್ಲ.

ಅಂದಿನಿಂದ ಸೊಸೈಟಿಯ ಮಿಕ್ಸಿ, ಗೀಸರು, ಲಿಫ್ಟು ಎಲ್ಲವೂ ಅವರ ಮುಂದೆ ಬಂದವು. ಅವರು ಮೂರು ನಿಮಿಷ ಸುಮ್ಮನೆ ನೋಡುತ್ತಿದ್ದರು. ಆಮೇಲೆ ‘ಓವರ್‌ಲೋಡ್’ ಎನ್ನುತ್ತಿದ್ದರು. ಈ ಒಂದು ಶಬ್ದದಲ್ಲಿ ಹನ್ನೊಂದು ವರ್ಷ ಕಳೆದಿತ್ತು.

ಮೌನ ಕಾಪಾಡಿದ ಮನುಷ್ಯನನ್ನು ಮಾತು ಕೆಡಿಸಿತು. ಸೊಸೈಟಿಯವರು ಚಳಿಗಾಲದ ಉಂಧಿಯು ಊಟಕ್ಕೆ, ಅಂದರೆ ಮಣ್ಣಿನ ಮಡಕೆಯಲ್ಲಿ ಬೆಂದ ತರಕಾರಿಯ ಊಟಕ್ಕೆ, ಅದೇ ಸೊಸೈಟಿಯ ಭರತ್‌ಭಾಯ್ ಪಟೇಲನ ಹೊಲಕ್ಕೆ ಹೋಗುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ಬಾವ್ಳಾ ಊರಿನ ಆಚೆ ಹೆದ್ದಾರಿಯವರೆಗೆ ಬಸ್ಸು, ಅಲ್ಲಿಂದ ಕಾಲುವೆಯ ಏರಿಯ ಮೇಲೆ ಹನ್ನೆರಡು ಕಿಲೋಮೀಟರು ಭರತ್‌ಭಾಯಿಯ ಟ್ರ್ಯಾಕ್ಟರ್ ಟ್ರಾಲಿ. ‘ಟ್ರಾಲಿ ಗಟ್ಟಿ ಇದೆಯಾ?’ ಎಂದು ಯಾರೋ ಕೇಳಿದರು. ‘ಕಬ್ಬಿಣ ಗಟ್ಟಿ ಇದೆ. ಚಕ್ರ ಬಿಚ್ಚಿದ್ದು ಮಾತ್ರ ನಮ್ಮಪ್ಪನ ಕಾಲದಲ್ಲಿ’ ಎಂದ ಭರತ್‌ಭಾಯ್. ಎಲ್ಲರೂ ಪಟ್ಟಾಭಿರಾಮರ ಕಡೆ ತಿರುಗಿದರು. ಮೂವತ್ತು ಜೊತೆ ಕಣ್ಣು.

‘ರೊಟೀನ್ ಮೇಂಟೆನೆನ್ಸ್ ಅಷ್ಟೆ. ಬ್ರೇಕು, ವ್ಹೀಲ್ ಬೇರಿಂಗು. ಒಂದು ಭಾನುವಾರದ ಕೆಲಸ’ ಎಂದುಬಿಟ್ಟರು ಪಟ್ಟಾಭಿರಾಮರು.

ಟ್ರಾಲಿಗೂ ಬ್ರೇಕಿರುತ್ತದೆ ಎಂಬುದು ಅವರಿಗೆ ತಿಳಿದದ್ದು ಅದರ ಮಾರನೆಯ ದಿನ, ಮೊಬೈಲಿನಲ್ಲಿ, ಪಂಜಾಬಿನ ಸರ್ದಾರ್ಜಿಯೊಬ್ಬರ ವಿಡಿಯೋ ನೋಡಿದಾಗ.

ಆದರೂ ಆ ಭಾನುವಾರದ ಕೆಲಸ ಕೆಟ್ಟದಾಗೇನೂ ಆಗಲಿಲ್ಲ ಎಂದು ನಾವು ಹೇಳಲೇಬೇಕು. ಉಗ್ರಾಣದ ಶಿಸ್ತು ಅವರ ಕೈಹಿಡಿಯಿತು. ಹಳೆಯ ದಿನಪತ್ರಿಕೆ ಹಾಸಿ, ಒಂದೊಂದು ಚಕ್ರದ ಸಾಮಾನನ್ನೂ ಒಂದೊಂದು ಹಾಳೆಯ ಮೇಲಿಟ್ಟು, ಚೀಟಿ ಅಂಟಿಸಿದರು. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಅಂಗೈಯಲ್ಲಿ ಹೊಸ ಗ್ರೀಸಿಟ್ಟುಕೊಂಡು ಗುಂಡು ಗುಂಡಿನ ಸಂದಿಗೂ ತುಂಬಿದರು. ಹಿಂದಿನ ಎರಡು ಚಕ್ರಗಳ ಬ್ರೇಕಿನ ಡ್ರಮ್ಮು ಬಿಚ್ಚಿ ಧೂಳು ಒರೆಸಿದರು. ತಪ್ಪಿದ್ದು ಒಂದೇ ಕಡೆ. ಚಕ್ರದ ನಡುವಿನ ದೊಡ್ಡ ನಟ್ಟು ತಿರುಗಿ ಬಿಚ್ಚಿಕೊಳ್ಳದಂತೆ ಅದಕ್ಕೆ ಅಡ್ಡವಾಗಿ ಒಂದು ಕಬ್ಬಿಣದ ಕಡ್ಡಿ ಸಿಕ್ಕಿಸುತ್ತಾರೆ, ಕಾಟರ್ ಪಿನ್ನು ಎಂದು. ಹಳೆಯವು ತುಕ್ಕು ಹಿಡಿದಿದ್ದವು. ಬಾವ್ಳಾದ ಅಂಗಡಿಯವನು ಹೊಸ ಪಿನ್ನುಗಳನ್ನು ಮುಷ್ಟಿಯಲ್ಲಿ ಬಾಚಿ ಕೊಟ್ಟ. ಎಣಿಸಬೇಕು ಎಂದು ಪಟ್ಟಾಭಿರಾಮರ ಬೆರಳು ತುಡಿಯಿತು. ಆದರೆ ಪಕ್ಕದಲ್ಲಿ ಭರತ್‌ಭಾಯ್ ನಿಂತಿದ್ದ. ರಾಕೆಟ್ ಹಾರಿಸುವವರು ಪಿನ್ನು ಎಣಿಸುತ್ತಾರೆಯೇ? ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ಎಣಿಸದೆ ಸಾಮಾನು ಜೇಬಿಗೆ ಹಾಕಿಕೊಂಡರು.

‘ರೀ.’

ಬಾಲ್ಕನಿಯ ಬಾಗಿಲಲ್ಲಿ ವೈದೇಹಿ ನಿಂತಿದ್ದಳು. ಒಂದು ಕೈಯಲ್ಲಿ ಒಗೆಯಲು ತೆಗೆದ ಪ್ಯಾಂಟು. ಇನ್ನೊಂದು ಕೈಯ ಎರಡು ಬೆರಳಲ್ಲಿ, ಸತ್ತ ಹಲ್ಲಿ ಹಿಡಿದಂತೆ, ಒಂದು ಕಾಟರ್ ಪಿನ್ನು.

‘ಇದು ಯಾರದು?’

ಪಟ್ಟಾಭಿರಾಮರು ಬಾಯಿಂದ ಬ್ರಶ್ಶು ತೆಗೆದರು. ಪಿನ್ನು ಇಲ್ಲಿದೆ ಎಂದರೆ ಅಲ್ಲಿ ಯಾವುದೋ ಒಂದು ಚಕ್ರದಲ್ಲಿ ಇಲ್ಲ.

‘ಕೇಳ್ತಿರೋದು ನಿಮ್ಮನ್ನೇ. ಈ ಹೇರ್‌ಪಿನ್ನು ಯಾರದು?’

ನಿಜ ಹೇಳಿದರೆ ವೈದೇಹಿ ಅದನ್ನು ಎದುರು ಮನೆಯ ಜ್ಯೋತ್ಸ್ನಾಬೆನ್‌ಗೆ ಹೇಳುತ್ತಾಳೆ. ಜ್ಯೋತ್ಸ್ನಾಬೆನ್‌ಗೆ ಹೇಳಿದ್ದು ಗಾಂಧಿನಗರದವರೆಗೂ ಹೋಗುತ್ತದೆ.

‘ಅದು... ಆಫೀಸಿನದು’ ಎಂದರು.

‘ಆಫೀಸಿನವಳದಾ?’

‘ಆಫೀಸಿನದು ಕಣೇ! ವಸ್ತು!’

ವೈದೇಹಿ ಪಿನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ‘ಇಷ್ಟು ದಪ್ಪದ್ದು ಸಿಕ್ಕಿಸಿಕೊಳ್ಳೋಕೆ ಎಂಥ ಕೂದಲಿರಬೇಕಪ್ಪ ಅವಳಿಗೆ! ನಂದೋ, ಉದುರಿ ಉದುರಿ ಇಲಿ ಬಾಲ ಆಗಿದೆ. ನೋಡೋರು ಯಾರು?’ ಎಂದು ಒಳಗೆ ಹೋದಳು. ಆ ವಾರವೆಲ್ಲ ಅವರಿಗೆ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಅವರು ಅದನ್ನು ಗಮನಿಸುವ ಸ್ಥಿತಿಯಲ್ಲೂ ಇರಲಿಲ್ಲ.

ಉಗ್ರಾಣದಲ್ಲಿ ಸಾಮಾನು ಕಡಿಮೆ ಬಂದರೆ ತನಿಖೆ. ಹೆಚ್ಚು ಬಂದರೆ ಒಂದು ಟಿಪ್ಪಣಿ ಬರೆದು ಮುಗಿಸಿಬಿಡುತ್ತಾರೆ. ಹೆಚ್ಚಾದ ಒಂದು ಕಡ್ಡಿಯಿಂದ ಮೂವತ್ತೆರಡು ಜನ ಕಾಲುವೆಗೆ ಬೀಳಬಹುದು ಎಂಬುದಕ್ಕೆ ಅಲ್ಲಿ ಯಾವ ನಮೂನೆಯೂ ಇರಲಿಲ್ಲ.

ವಡೋದರಾದಲ್ಲಿ ರೈಲ್ವೆಯಲ್ಲಿದ್ದ ಗೆಳೆಯ ಸೀತಾರಾಮನಿಗೆ ಫೋನು ಮಾಡಿದರು. ಗೆಳೆಯರಲ್ಲಿ ಅವನೊಬ್ಬನಿಗೇ ಪಟ್ಟಾಭಿರಾಮರ ನಿಜವಾದ ಹುದ್ದೆ ಗೊತ್ತಿದ್ದುದು.

‘ಏನಯ್ಯಾ ಸ್ಟೋರ್ಸು, ಚಕ್ರದ ವಿಷಯ ಯಾಕೆ ಬೇಕು ನಿನಗೆ?’

‘ಸುಮ್ಮನೆ. ಜ್ಞಾನಕ್ಕೆ. ಚಕ್ರದೊಳಗೆ ಏನಾದರೂ ತಪ್ಪಾಗಿದ್ದರೆ ಹೊರಗಿನಿಂದ ಹೇಗೆ ಗೊತ್ತಾಗುತ್ತೆ?’

‘ಬಿಸಿಯಾಗುತ್ತೆ. ನಮ್ಮಲ್ಲಿ ಗಾಡಿ ನಿಂತಾಗ ಚಕ್ರದ ಹತ್ತಿರ ಹೋಗಿ ಶಾಖ ನೋಡೋದೇ ಕೆಲವರ ಕೆಲಸ. ಚಕ್ರದ ನಡುವಿನ ಗುಂಬ ಇದೆಯಲ್ಲ, ಹಬ್ಬು, ಅದಕ್ಕೆ ಕೈ ಇಡು. ಬೆಚ್ಚಗಿದ್ದರೆ ದೇವರಿದ್ದಾನೆ. ಕೈ ಇಡೋಕಾಗಲಿಲ್ಲ ಅಂದ್ರೆ ಇಳಿದು ಓಡು.’

‘ಎಷ್ಟು ದೂರಕ್ಕೊಂದು ಸಲ ನೋಡಬೇಕು?’

‘ಜ್ಞಾನಕ್ಕಾ?’ ಎಂದ ಸೀತಾರಾಮ. ‘ಪಟ್ಟಾಭಿ, ಯಾವ ಚಕ್ರ ಬಿಚ್ಚಿದೀಯೋ?’

ಪಟ್ಟಾಭಿರಾಮರು ಸಿಗ್ನಲ್ ಹೋದವರಂತೆ ‘ಹಲೋ, ಹಲೋ’ ಎಂದು ಫೋನಿಟ್ಟರು.

ಬುಧವಾರ ಧೈರ್ಯ ಮಾಡಿ ಭರತ್‌ಭಾಯಿಯನ್ನು ಲಿಫ್ಟಿನಲ್ಲಿ ಹಿಡಿದರು. ‘ಭರತ್‌ಭಾಯ್, ಶನಿವಾರ ಹೋಗಿ ಇನ್ನೊಂದು ಸಲ ಚಕ್ರದ ಮುಚ್ಚಳ ತೆಗೆದು ನೋಡೋಣವೆ?’

‘ಅರೆ ಸಾಹೇಬ್! ನೀವು ಕೈಯಿಟ್ಟ ಮೇಲೆ ಇನ್ನೇನು ನೋಡೋದು? ಮುಚ್ಚಳದ ಮೇಲೆ ಬಾ ಆಗಲೇ ಕುಂಕುಮದ ಸ್ವಸ್ತಿಕ ಬರೆದಿದ್ದಾರೆ. ಈಗ ತೆಗೆದರೆ ಅಪಶಕುನ ಅಂತ ನನ್ನನ್ನೇ ಮನೆಯಿಂದ ತೆಗೀತಾರೆ.’ ಬಾ ಎಂದರೆ ಅವನ ತಾಯಿ ಕಾಂತಾಬಾ. ಎಂಬತ್ತೆರಡು ವರ್ಷ. ಅವರ ಮಾತಿನ ಮೇಲೆ ಸೊಸೈಟಿಯಲ್ಲಿ ಅಪೀಲಿರಲಿಲ್ಲ.

ಇನ್ನುಳಿದ ದಾರಿ ಒಂದೇ. ಶನಿವಾರ ಸಂಜೆ ಪಟ್ಟಾಭಿರಾಮರು ವೈದೇಹಿಗೆ ಮೆಲ್ಲನೆ ಹೇಳಿದರು: ‘ನಾಳೆ ನೀನು ಮನೇಲೇ ಇದ್ದುಬಿಡು. ಬಿಸಿಲು, ಧೂಳು. ನಿನಗಾಗಲ್ಲ.’

‘ಓಹೋ.’ ವೈದೇಹಿ ಸೊಂಟಕ್ಕೆ ಕೈಯಿಟ್ಟಳು. ‘ನಾನು ಮನೇಲಿರಬೇಕು. ಯಾರು ಬರ್ತಿದ್ದಾಳೆ ಅಲ್ಲಿಗೆ? ದಪ್ಪ ಜಡೆಯವಳಾ?’

ಭಾನುವಾರ ಮೊದಲು ಟ್ರಾಲಿ ಹತ್ತಿದವಳು ವೈದೇಹಿಯೇ.

ಹೆದ್ದಾರಿಯ ಬದಿಯಲ್ಲಿ ನಿಂತಿದ್ದ ಟ್ರಾಲಿಯನ್ನು ಪಟ್ಟಾಭಿರಾಮರು ಒಂದು ಸುತ್ತು ಹಾಕಿ ನೋಡಿದರು. ಒಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನ. ನಾಲ್ಕೂ ಚಕ್ರಗಳ ನಡುವಿಗೆ ಚೆಂಡುಹೂವಿನ ಹಾರ. ಅಂದರೆ ಹಬ್ಬು ಕಾಣುವುದೇ ಇಲ್ಲ. ‘ಇಲ್ಲಿ ಬಾ ವೈದೇಹಿಬೆನ್, ನನ್ನ ಪಕ್ಕ ಕೂತ್ಕೊ’ ಎಂದು ಕಾಂತಾಬಾ ವೈದೇಹಿಯ ಕೈಹಿಡಿದು ಎಳೆದು ಹಿಂದಿನ ಎಡ ಮೂಲೆಯಲ್ಲಿ ಕೂರಿಸಿಕೊಂಡರು. ಹಿಂದಿನ ಎಡಗಡೆಯದೇ ನಾಲ್ಕನೆಯ ಚಕ್ರ. ಶುಂಠಿ ಚಹಾದ ಚಕ್ರ.

‘ವೈದೇಹಿ, ಮುಂದೆ ಬಂದು ಕೂತ್ಕೋ’ ಎಂದರು ಪಟ್ಟಾಭಿರಾಮರು.

‘ನನಗಿಲ್ಲೇ ಆರಾಮ’ ಎಂದಳು ವೈದೇಹಿ, ಅವರ ಮುಖ ನೋಡದೆ.

ಪಟ್ಟಾಭಿರಾಮರು ಭರತ್‌ಭಾಯಿಯ ಪಕ್ಕ, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ, ಮುಖ ಹಿಂದಕ್ಕೆ ಮಾಡಿ ಕೂತರು. ಎಡಗಡೆ ಕಾಲುವೆ. ತುಂಬಿ, ಸದ್ದಿಲ್ಲದೆ, ಟ್ರಾಲಿಯಷ್ಟೇ ವೇಗದಲ್ಲಿ ಜೊತೆಜೊತೆಗೇ ಹರಿಯುತ್ತಿತ್ತು. ಹೆಂಗಸರು ಅಂತಾಕ್ಷರಿ ಶುರು ಮಾಡಿದರು.

ಎರಡು ಕಿಲೋಮೀಟರಿಗೆ ‘ನಿಲ್ಲಿಸಿ!’ ಎಂದರು ಪಟ್ಟಾಭಿರಾಮರು.

‘ಸಾಹೇಬರಿಗೆ ಅವಸರವಂತೆ’ ಎಂದು ಭರತ್‌ಭಾಯ್ ಕೂಗಿ ಹೇಳಿ, ಸಭ್ಯತೆಗೆ ಮುಖ ತಿರುಗಿಸಿಕೊಂಡ. ಮೂವತ್ತೆರಡು ಜನರೂ ಮುಖ ತಿರುಗಿಸಿಕೊಂಡರು. ಕಾಂತಾಬಾ ಮಾತ್ರ ತಿರುಗಿಸಿಕೊಳ್ಳಲಿಲ್ಲ. ಆ ವಯಸ್ಸಿನಲ್ಲಿ ಅದರ ಅಗತ್ಯವಿರಲಿಲ್ಲ. ಹೀಗಾಗಿ ಅವರು ನೋಡಿದರು. ಸಾಹೇಬರು ಕಾಲುವೆಯ ಕಡೆ ಹೋಗಲಿಲ್ಲ. ಓಡಿಬಂದು, ಬಗ್ಗಿ, ಹೂವಿನ ಹಾರದೊಳಗೆ ಕೈಯಿಟ್ಟು, ಕಣ್ಣು ಮುಚ್ಚಿ, ಒಂದು ಕ್ಷಣ ನಿಂತರು. ಇನ್ನೊಂದು ಚಕ್ರಕ್ಕೆ ಹೋದರು. ಹೀಗೆ ನಾಲ್ಕಕ್ಕೂ, ಪ್ರದಕ್ಷಿಣೆಯಾಗಿ. ಕೊನೆಗೆ ಗ್ರೀಸು ಸೋರಿದೆಯೇ ಎಂದು ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದರು. ಕಾಂತಾಬಾಗೆ ಅದು ಕಣ್ಣಿಗೊತ್ತಿಕೊಂಡಂತೆ ಕಂಡಿತು.

‘ನೋಡಿದಿರಾ!’ ಎಂದರು ಕಾಂತಾಬಾ, ಇಡೀ ಟ್ರಾಲಿಗೆ ಕೇಳುವಂತೆ. ‘ದಕ್ಷಿಣದವರ ಸಂಸ್ಕಾರ ಅಂದ್ರೆ ಇದು! ಇಷ್ಟು ದೊಡ್ಡ ಸೈಂಟಿಸ್ಟು, ಚಕ್ರಕ್ಕೆ ಪ್ರಣಾಮ ಮಾಡ್ತಾನೆ. ನೀವೆಲ್ಲ ಚಪ್ಪಲಿ ಕಾಲಲ್ಲಿ ತುಳಿದು ಹತ್ತಿದಿರಿ!’

ಟ್ರಾಲಿಯಲ್ಲಿ ಕೆಲವರು ಚಪ್ಪಲಿ ಕಳಚಿ ಹುಲ್ಲಿನಡಿ ಸೇರಿಸಿದರು.

ಇನ್ನೆರಡು ಕಿಲೋಮೀಟರು ದಾಟಿ ಪಟ್ಟಾಭಿರಾಮರು ‘ನಿಲ್ಲಿಸಿ!’ ಎಂದಾಗ ಅವರಿಗಿಂತ ಮೊದಲು ಹತ್ತು ಜನ ಇಳಿದಿದ್ದರು. ಚಕ್ರದ ಮುಂದೆ ಸಾಲು. ಸೊಸೈಟಿಯ ಅಧ್ಯಕ್ಷ ಹಸ್ಮುಖ್‌ಭಾಯ್ ಸಾಲಿನಲ್ಲಿ ಮೊದಲಿಗರು. ‘ಸಾಹೇಬ್, ಬಲಗೈಯೋ ಎರಡೂ ಕೈಯೋ?’

‘ಅಯ್ಯೋ, ದಯವಿಟ್ಟು ಜಾಗ ಬಿಡಿ, ನಾನು ಮುಟ್ಟಬೇಕು...’

‘ಖಂಡಿತ, ಖಂಡಿತ. ಮೊದಲ ಹಕ್ಕು ನಿಮ್ಮದು.’

ನಾಲ್ಕನೆಯದು ಬೆಚ್ಚಗಿತ್ತು. ಬೆಚ್ಚಗಿದ್ದರೆ ದೇವರಿದ್ದಾನೆ ಎಂದಿದ್ದ ಸೀತಾರಾಮ. ಆದರೆ ಮಿಕ್ಕ ಮೂರು ತಣ್ಣಗಿವೆಯಲ್ಲ? ದೇವರು ಒಂದೇ ಚಕ್ರದಲ್ಲಿ ಯಾಕಿದ್ದಾನೆ? ಪಟ್ಟಾಭಿರಾಮರು ಅಲ್ಲೇ ಬಗ್ಗಿ ಯೋಚಿಸುತ್ತ ನಿಂತರು. ಹಿಂದಿದ್ದವರು, ನಾಲ್ಕನೆಯ ಚಕ್ರದಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಪದ್ಧತಿಯೆಂದು ತಿಳಿದು ತಾವೂ ಹಾಗೇ ನಿಂತರು. ಇಪ್ಪತ್ತು ನಿಮಿಷ ಹಿಡಿಯಿತು. ಮೇಲೆ ಕೂತಿದ್ದ ವೈದೇಹಿ ಟ್ರಾಲಿಯ ಅಂಚಿನಿಂದ ಬಗ್ಗಿ ಗಂಡನನ್ನೇ ನೋಡುತ್ತಿದ್ದಳು.

‘ಭರತ್‌ಭಾಯ್, ನಿಧಾನಕ್ಕೆ ಹೋಗಿ. ತುಂಬ ನಿಧಾನಕ್ಕೆ’ ಎಂದರು ಪಟ್ಟಾಭಿರಾಮರು. ಟ್ರಾಲಿ ಎಷ್ಟು ನಿಧಾನವಾಗಿ ಹೋಯಿತೆಂದರೆ ಎಮ್ಮೆಗಳ ಹಿಂಡೊಂದು, ಹಾರ್ನ್ ಹೊಡೆದು ದಾಟುವವರಿಗಿಂತ ಗತ್ತಿನಿಂದ ಅವರನ್ನು ದಾಟಿಹೋಯಿತು. ಹೆಂಗಸರು ಅಂತಾಕ್ಷರಿ ಬಿಟ್ಟು ಭಜನೆ ಹಿಡಿದರು.

ಏಳನೆಯ ಕಿಲೋಮೀಟರಿನಲ್ಲಿ, ಕಾಲುವೆಯ ಸೇತುವೆಗೆ ಇನ್ನು ನೂರು ಗಜವಿರುವಾಗ, ಸುಟ್ಟ ವಾಸನೆ ಬಂತು. ಪಟ್ಟಾಭಿರಾಮರು ‘ನಿಲ್ಲಿಸಿ’ ಎನ್ನುವುದನ್ನೂ ಬಿಟ್ಟು ಭರತ್‌ಭಾಯಿಯ ಭುಜವನ್ನು ಗುದ್ದಿದರು. ಟ್ರ್ಯಾಕ್ಟರು ನಿಂತಿತು. ಅವರು ಇಳಿಯುವಷ್ಟರಲ್ಲಿ ಕಾಂತಾಬಾ, ಇಬ್ಬರ ಹೆಗಲ ಮೇಲೆ ಕೈಯಿಟ್ಟು ಇಳಿದು, ಈ ಸಲ ತಮ್ಮ ಪಾಳಿ ಮೊದಲೆಂದು ನಾಲ್ಕನೆಯ ಚಕ್ರಕ್ಕೆ ಕೈ ಚಾಚಿಬಿಟ್ಟಿದ್ದರು.

‘ಹಾಯ್ ಹಾಯ್!’ ಕೈ ಸರಕ್ಕನೆ ಹಿಂದೆ ಬಂತು. ಬೆರಳ ತುದಿ ಕೆಂಪಗಾಗಿತ್ತು. ಕಾಂತಾಬಾ ಅದನ್ನು ನೋಡಿ ಬೆರಗಾಗಿ ಘೋಷಿಸಿದರು: ‘ಮಾತಾಜಿ ಜಾಗೃತಳಾಗಿದ್ದಾಳೆ!’

‘ಎಲ್ಲರೂ ಇಳೀರಿ!’ ಎಂದು ಕಿರುಚಿದರು ಪಟ್ಟಾಭಿರಾಮರು. ‘ವೈದೇಹಿ, ಇಳಿ! ಮೊದಲು ನೀನಿಳಿ!’

ಎಲ್ಲರೂ ಇಳಿದರು. ಇಳಿದವರು ಕೈಮುಗಿದರು. ಯಾರೋ ತೆಂಗಿನಕಾಯಿ ಒಡೆದರು. ಜ್ಯೋತ್ಸ್ನಾಬೆನ್ ತಮ್ಮ ಬಾಟಲಿಯ ನೀರನ್ನು ಅಭಿಷೇಕವೆಂದು ಚಕ್ರದ ಮೇಲೆ ಸುರಿದರು. ಚೊಂಯ್ ಎಂದು ಹೊಗೆಯೆದ್ದಿತು. ‘ಜೈ ಅಂಬೆ!’ ಎಂದು ಎಲ್ಲರೂ ಕೂಗಿದ ಸದ್ದಿಗೆ ಕಾಲುವೆಯಾಚೆಯ ಕೊಕ್ಕರೆಗಳು ಎದ್ದುಹೋದವು.

ಸೇತುವೆಯ ಹತ್ತಿರ ಪಂಪುಸೆಟ್ಟು ರಿಪೇರಿಯ ಅಂಗಡಿಯಿತ್ತು. ಗದ್ದಲ ಕೇಳಿ ಅದರ ಮೇಸ್ತ್ರಿ ಕರ್ಸನ್‌ಭಾಯ್ ಬಾಯಲ್ಲಿ ಬೀಡಿಯಿಟ್ಟುಕೊಂಡೇ ಬಂದ. ಅವನಿಗೆ ಮಾತಾಜಿಯ ಭಯ ಕಡಿಮೆಯಿದ್ದಂತಿತ್ತು. ಹಾರ ತೆಗೆದು ಪಕ್ಕಕ್ಕೆ ಹಾಕಿ, ಜಾಕು ಕೊಟ್ಟು, ಉಳಿಯಿಂದ ಮುಚ್ಚಳ ಎಬ್ಬಿಸಿದ. ಪಟ್ಟಾಭಿರಾಮರು ಬಗ್ಗಿ ಇಣುಕಿದರು.

ಪಿನ್ನಿತ್ತು. ಹೊಸ ಪಿನ್ನು, ಎರಡೂ ತುದಿ ಮಡಿಸಿಕೊಂಡು, ತನ್ನ ಜಾಗದಲ್ಲಿ ನೆಟ್ಟಗೆ ಕೂತಿತ್ತು.

‘ಮಿಕ್ಕ ಮೂರೂ ತೆಗೆದು ನೋಡಿ’ ಎಂದರು ಪಟ್ಟಾಭಿರಾಮರು. ಮೂರರಲ್ಲೂ ಇದ್ದವು. ಅಂಗಡಿಯವನ ಮುಷ್ಟಿಯಲ್ಲಿ ಐದಿದ್ದವು, ಅಷ್ಟೇ. ಎಣಿಸಿದ್ದರೆ ಒಂದು ವಾರದ ನಿದ್ದೆ ಉಳಿಯುತ್ತಿತ್ತು.

‘ಪಿನ್ನಲ್ಲ ಸ್ವಾಮಿ ಕಷ್ಟ’ ಎಂದ ಕರ್ಸನ್‌ಭಾಯ್. ‘ನಟ್ಟು. ಕತ್ತು ಹಿಸುಕಿದ ಹಾಗೆ ಬಿಗಿದಿದ್ದಾರೆ. ಚಕ್ರ ಉಸಿರಾಡೋದು ಹೇಗೆ? ಗ್ರೀಸನ್ನು ಒಳ್ಳೆ ಕೈ ತುಂಬಿದೆ, ಅದಕ್ಕೇ ಬೇರಿಂಗು ಉಳೀತು. ಹೀಗೇ ಸೇತುವೆ ಹತ್ತಿದ್ದರೆ...’ ಎಂದು ಕಾಲುವೆಯ ಕಡೆ ನೋಡಿ, ವಾಕ್ಯ ಪೂರ್ತಿ ಮಾಡದೆ ಬೀಡಿ ಎಳೆದ. ‘ಯಾವ ಕತ್ತೆ ಬಿಗಿದದ್ದು ಇದನ್ನ?’

ಕಾಲುವೆಯ ನೀರು ಸೇತುವೆಯ ಕಂಬಕ್ಕೆ ತಾಗುವ ಸದ್ದು ಕೇಳಿಸುತ್ತಿತ್ತು. ಪಟ್ಟಾಭಿರಾಮರಿಗೆ ಹನ್ನೊಂದು ವರ್ಷವೂ ಆ ಸದ್ದಿನಲ್ಲಿ ಹರಿದುಹೋದಂತೆ ಅನ್ನಿಸಿತು. ಹೇಳಿಬಿಡಬೇಕು. ಉಗ್ರಾಣ, ಪೊಟ್ಟಣ, ಶುಂಠಿ ಎಲ್ಲವನ್ನೂ. ಅವರು ಒಂದು ಹೆಜ್ಜೆ ಮುಂದೆ ಬಂದರು. ಬಾಯಿ ತೆರೆದರು.

‘ನಾನು!’ ಎಂದ ಭರತ್‌ಭಾಯ್.

ಪಟ್ಟಾಭಿರಾಮರ ಬಾಯಿ ತೆರೆದಂತೆಯೇ ಉಳಿಯಿತು.

‘ಸಾಹೇಬರು ಆಚೆ ಚಹಾ ಕುಡೀತಿದ್ದರು. ಇಷ್ಟು ಸಡಿಲ ಯಾಕೆ ಬಿಟ್ಟರಪ್ಪ ಅಂತ ನಾನೇ ಸ್ಪ್ಯಾನರು ಹಾಕಿ, ಅದಕ್ಕೆ ಪೈಪು ಸಿಕ್ಕಿಸಿ, ಒಂದು ಎಳೆತ ಎಳೆದೆ. ಪಿನ್ನು ಕೂಡ ನಾನೇ ಹಾಕಿದೆ. ಬಿಗಿ ಇದ್ದಷ್ಟೂ ಒಳ್ಳೇದು ಅಂದ್ಕೊಂಡೆ.’ ಅವನ ಕಣ್ಣು ತುಂಬಿಬಂದಿತ್ತು. ಪಟ್ಟಾಭಿರಾಮರ ಎರಡೂ ಕೈ ಹಿಡಿದುಕೊಂಡ. ‘ನಿಮಗೆ ಗೊತ್ತಿತ್ತು ಸಾಹೇಬ್! ಅದಕ್ಕೇ ಲಿಫ್ಟಿನಲ್ಲಿ ಕೇಳಿದಿರಿ. ಅದಕ್ಕೇ ಹೆಜ್ಜೆಗೊಂದು ಸಲ ಇಳಿದು ನೋಡಿದಿರಿ. ನನ್ನ ಮಾನ ಹೋಗಬಾರದು ಅಂತ ಬಾಯಿಬಿಡಲಿಲ್ಲ. ಪ್ರಣಾಮದ ನೆಪ ಮಾಡಿದಿರಿ!’

‘ಅದು ಹಾಗಲ್ಲ ಭರತ್‌ಭಾಯ್...’

‘ಹೀಗೆ ಹೇಳೋರೇ ದೊಡ್ಡವರು’ ಎಂದು ಹಸ್ಮುಖ್‌ಭಾಯ್ ತೀರ್ಪು ಕೊಟ್ಟರು. ಕಾಂತಾಬಾ ಒಂದು ಕೈಯಿಂದ ಮಗನ ಬೆನ್ನಿಗೆ ಗುದ್ದಿ, ಸುಟ್ಟ ಕೈಯಿಂದ ಪಟ್ಟಾಭಿರಾಮರ ತಲೆ ಸವರಿದರು. ಕರ್ಸನ್‌ಭಾಯ್ ನಟ್ಟನ್ನು ಕಾಲು ಸುತ್ತು ಸಡಿಲಿಸಿದ. ಅಷ್ಟೇ. ಒಂದು ವಾರದ ಆ ಕಾಲು ಸುತ್ತು, ಅವನ ಕೈಯಲ್ಲಿ ಒಂದು ಕ್ಷಣದ ಕೆಲಸವಾಗಿತ್ತು. ಸೇತುವೆಯನ್ನು ಎಲ್ಲರೂ ನಡೆದೇ ದಾಟಿದರು. ಮಿಕ್ಕ ದಾರಿಯಲ್ಲಿ ಚಕ್ರ ಬೆಚ್ಚಗಾಗಲೂ ಇಲ್ಲ.

ಹೊಲದಲ್ಲಿ ಊಟ ಗಡದ್ದಾಯಿತು. ಮಣ್ಣಿನ ಮಡಕೆಯಿಂದ ಉಂಧಿಯು ಬಡಿಸುವಾಗ ಪಟ್ಟಾಭಿರಾಮರಿಗೆ ಎರಡು ಪಾಲು ಹಾಕಿದರು. ಮೂರು ಜನ ತಮ್ಮ ಸ್ಕೂಟರಿನ ಚಕ್ರಕ್ಕೆ ಒಮ್ಮೆ ಕೈಯಿಡಬೇಕೆಂದು ಕೇಳಿಕೊಂಡರು. ಅವರು ಎಲ್ಲದಕ್ಕೂ ತಲೆಯಾಡಿಸಿ, ಎಲೆ ತೆಗೆದುಕೊಂಡು ದೂರದ ಬೇವಿನ ಮರದ ಕೆಳಗೆ ಹೋಗಿ ಕೂತರು.

ವೈದೇಹಿ ಬಂದು ಪಕ್ಕದಲ್ಲಿ ಕೂತಳು. ತನ್ನ ಎಲೆಯ ಜಿಲೇಬಿಯನ್ನು ಎತ್ತಿ ಅವರ ಎಲೆಗೆ ಹಾಕಿದಳು.

‘ಊರಿಗೆಲ್ಲ ಒಂದು ಕಂಡ್ರೆ ನಂಗೊಂದು ಕಂಡಿತು ಬಿಡಿ’ ಎಂದಳು.

‘ಏನು?’ ಎಂದು ಪಟ್ಟಾಭಿರಾಮರು ತುತ್ತನ್ನು ಎಲೆಯಲ್ಲೇ ಬಿಟ್ಟರು.

‘ಟ್ರ್ಯಾಕ್ಟರ್ ಮೇಲೆ ಎಲ್ಲರೂ ಮುಂದೆ ನೋಡ್ತಾ ಕೂರ್ತಾರೆ. ನೀವು ಹಿಂದಕ್ಕೆ ತಿರುಗಿ ಕೂತಿದ್ರಿ. ದಾರಿಯುದ್ದಕ್ಕೂ ರೆಪ್ಪೆ ಹೊಡೆಯದೆ ನನ್ನ ಮೂಲೆನೇ ನೋಡ್ತಿದ್ರಿ. ಗಾಡಿ ನಿಂತ್ರೆ ಸಾಕು, ಓಡಿ ಬಂದು ನನ್ನ ಕೆಳಗೆ ನಿಲ್ತಿದ್ರಿ. ಆಮೇಲೆ ಮೂವತ್ತೆರಡು ಜನರಲ್ಲಿ ಒಬ್ಬಳ ಹೆಸರು ಕೂಗಿದ್ರಿ.’ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ‘ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ಹಾಗೆ ಒಂದು ದಿನವೂ ನೋಡಿರಲಿಲ್ಲ ನೀವು. ಕಾಂತಾಬಾ ಸುಮ್ಮನೆ ಚಕ್ರ ಚಕ್ರ ಅಂತಿದ್ರು. ನಂಗೆ ನಗು ಬರ್ತಿತ್ತು.’

ಪಟ್ಟಾಭಿರಾಮರು ಅವಳ ಮುಖ ನೋಡಿದರು. ಆಮೇಲೆ ಜಿಲೇಬಿಯನ್ನು ಎರಡು ತುಂಡು ಮಾಡಿ, ದೊಡ್ಡದನ್ನು ಅವಳಿಗೆ ಕೊಟ್ಟರು.

ತಾನು ನೋಡುತ್ತಿದ್ದುದು ಅವಳ ಕೆಳಗಿದ್ದ ಚಕ್ರವನ್ನು ಎಂದು ಅವರು ಅವಳಿಗೆ ಹೇಳಲೇ ಇಲ್ಲ.